ಅಕ್ಷರದ ಮೂರನೆಯ ರೂಪ

ಅಕ್ಷರಕ್ಕೆ ಶ್ರಾವಣ, ಚಾಕ್ಷುಷ ಎಂಬ ಎರಡು ರೂಪಗಳುಂಟೆಂಬ ಮಾತು ಕನ್ನಡ ವ್ಯಾಕರಣದ ಪರಿಚಯವುಳ್ಳವರಿಗೆ ಹೊಸದಲ್ಲ. ಕಿವಿಗೆ ಕೇಳುವುದು ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ಬೆರಳ ತುದಿಗೆ ತಗಲುವ ಮೂರನೆಯ ರೂಪವೊಂದು ಪ್ರಾಚೀನ ವೈಯಾಕರಣರ ಕಲ್ಪನೆಗೆ ಬರುವಂತಿರಲಿಲ್ಲ. ಅದು ಲೋಕಕ್ಕೆ ಬಂದು ಇನ್ನೂ ಇನ್ನೂರು ವರ್ಷಗಳಾಗಿವೆ, ಅಷ್ಟೆ. ಇತ್ತೀಚಿನ ದಿನಗಳಲ್ಲಿ ಶಾಲೆಯ ಕೊಠಡಿಗಳಿಗೆ ಗಣಕಯಂತ್ರ, ದೊಡ್ಡ ತೆರೆ, ಕೈಫೋನು ಮೊದಲಾದ ಸಾಧನಗಳು ಬಂದಿವೆ. ಒಂದೇ ರೀತಿಯಲ್ಲಿ ಕಲಿಯಲಾರದ ಮಕ್ಕಳಿಗೆಲ್ಲ ಇವು ಪಾಠದ ಬಾಗಿಲನ್ನು ತೆರೆದಿವೆಯೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿ ನಿಜವಲ್ಲ ಎಂಬುದನ್ನು ತಿಳಿಯಬೇಕಾದರೆ ಸಾಮಾನ್ಯೋಕ್ತಿಗಳನ್ನು ಬಿಟ್ಟು ಒಂದು ಮಗುವನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಕಣ್ಣು ಕಾಣದ, ಕನ್ನಡವನ್ನು ಓದಬೇಕೆಂಬ ಮಗುವೇ ಆ ಪರೀಕ್ಷೆಗೆ ತಕ್ಕುದು. ಏಕೆಂದರೆ ಯಂತ್ರದ ಶಕ್ತಿಯೂ ಅದನ್ನು ಬಳಸುವವರ ಅಲಕ್ಷ್ಯವೂ ಒಂದೇ ಪುಟದಲ್ಲಿ ಕಾಣಸಿಗುವುದು ಇಲ್ಲಿಯೇ.

ಅಂಧರಿಗೆ ಓದು ಕಲಿಸುವ ಮೊದಲ ವ್ಯವಸ್ಥಿತ ಪ್ರಯತ್ನವನ್ನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸಿನ ವ್ಯಾಲೆಂಟಿನ್ ಆಯುಯಿ ಕೈಗೊಂಡನು. ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬುವಂತೆ ಒತ್ತಿಸಿ, ಅವುಗಳ ಅಂಚನ್ನು ಬೆರಳಿನಿಂದ ಸವರಿ ಗುರುತಿಸುವಂತೆ ಅವನು ಮಾಡಿದನು. ಉದ್ದೇಶ ದೊಡ್ಡದು. ಆದರೆ ಅಕ್ಷರದ ಬಾಗುಬಳುಕುಗಳು ಕಣ್ಣಿಗಾಗಿ ಹುಟ್ಟಿದವು. ಬೆರಳು ಒಂದೊಂದನ್ನೂ ಸುತ್ತಿ ಬರುವಷ್ಟರಲ್ಲಿ ಹಿಂದಿನ ಪದವೇ ಮರೆತುಹೋಗುತ್ತಿತ್ತು. ಬರೆಯುವುದಂತೂ ವಿದ್ಯಾರ್ಥಿಗೆ ಅಸಾಧ್ಯವೇ ಆಗಿತ್ತು. 1809ರಲ್ಲಿ ಕೂವ್ರೆ ಎಂಬ ಹಳ್ಳಿಯಲ್ಲಿ ಚರ್ಮದ ಜೀನು ಮಾಡುವವನ ಮಗನಾಗಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಂದೆಯ ಕಾರ್ಯಾಗಾರದ ಉಪಕರಣವೊಂದು ಚುಚ್ಚಿ ಕಣ್ಣು ಕಳೆದುಕೊಂಡ ಲೂಯಿ ಬ್ರೈಲ್ 1819ರಲ್ಲಿ ಇದೇ ಶಾಲೆಗೆ ಸೇರಿದನು. ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿ ಹನ್ನೆರಡು ಚುಕ್ಕಿಗಳ ಲಿಪಿಯೊಂದನ್ನು ಆಗ ಆ ಶಾಲೆಗೆ ತಂದಿದ್ದನು. ಚುಕ್ಕಿ ಬೆರಳಿಗೆ ಹಿತವೆಂಬುದನ್ನು ಬಾರ್ಬಿಯೆ ಕಂಡಿದ್ದನು. ಹನ್ನೆರಡು ಚುಕ್ಕಿಗಳು ಒಂದು ಬೆರಳತುದಿಗೆ ಹೆಚ್ಚಾದವೆಂಬುದನ್ನು ಕಾಣಲು ಮಾತ್ರ ಅಂಧನೇ ಬೇಕಾಯಿತು. ಲೂಯಿ ಅವನ್ನು ಆರಕ್ಕಿಳಿಸಿದನು. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ. ಯಾವುದು ಎದ್ದಿದೆ ಯಾವುದು ಇಲ್ಲ ಎಂಬುದರ ಮೇಲೆ ಅರುವತ್ತಮೂರು ಗುರುತುಗಳು. ಹದಿನೈದರ ಹರೆಯಕ್ಕೆ ಈ ಲಿಪಿ ಬಹುಮಟ್ಟಿಗೆ ಸಿದ್ಧವಾಗಿತ್ತು. 1829ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು.

ಆಮೇಲೆ ನಡೆದುದು ಗಮನಾರ್ಹವಾದುದು. ವಿದ್ಯಾರ್ಥಿಗಳು ಈ ಲಿಪಿಯನ್ನು ಹಸಿದವರು ಅನ್ನವನ್ನು ಕಂಡಂತೆ ಬಾಚಿಕೊಂಡರು. ಆದರೆ 1840ರ ದಶಕದಲ್ಲಿ ಅದೇ ಶಾಲೆಯಲ್ಲಿ ಕೆಲಕಾಲ ಅದಕ್ಕೆ ನಿಷೇಧ ಬಿದ್ದಿತು. ಕಣ್ಣುಳ್ಳ ಅಧ್ಯಾಪಕರಿಗೆ ಅದು ಓದಲು ಬಾರದ ಚುಕ್ಕಿಗಳ ರಾಶಿ. ಆಯುಯಿಯ ಉಬ್ಬಕ್ಷರಗಳೋ ನೋಡಲು ಅಂದವಾಗಿದ್ದವು, ದಾನಿಗಳಿಗೆ ತೋರಿಸಲು ಅನುಕೂಲವಾಗಿದ್ದವು. ಬ್ರೈಲ್ ತೀರಿಕೊಂಡುದು 1852ರಲ್ಲಿ. ಅವನ ಲಿಪಿಯನ್ನು ಶಾಲೆ ಅಧಿಕೃತವಾಗಿ ಒಪ್ಪಿಕೊಂಡುದು 1854ರಲ್ಲಿ. ಓದುವವನ ಅನುಕೂಲವನ್ನು ನೋಡುವವನ ಕಣ್ಣಿನಿಂದ ಅಳೆಯುವ ಈ ತಪ್ಪಳತೆ ಪ್ಯಾರಿಸಿನಲ್ಲಿ ಮುಗಿದುಹೋದ ಸಂಗತಿಯಲ್ಲ. ಕನ್ನಡದ ಮಟ್ಟಿಗೆ ಅದು ಬೇರೊಂದು ವೇಷದಲ್ಲಿ ಇಂದಿಗೂ ನಡೆದಿದೆ. ಅದನ್ನು ಹೇಳುವ ಮೊದಲು ಈ ಚುಕ್ಕಿಗಳು ಕನ್ನಡಕ್ಕೆ ಬಂದ ಬಗೆಯನ್ನು ಅರಿಯುವುದು ಅಗತ್ಯ.

ಭಾರತದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಮೂಕರಿಗೂ ಅಂಧರಿಗೂ ಸೇರಿದಂತೆ ಶಾಲೆ ತೆರೆದುದು 1901ರಲ್ಲಿ. ಮುಂಬಯಿಯ ವಿಕ್ಟೋರಿಯಾ ಸ್ಮಾರಕ ಅಂಧಶಾಲೆ 1902ರದು. ಆದರೆ ದೇಶದ ಬೇರೆಬೇರೆ ಕಡೆಗಳಲ್ಲಿ ಪಾದ್ರಿಗಳೂ ಅಧ್ಯಾಪಕರೂ ತಮ್ಮ ತಮ್ಮ ಭಾಷೆಗೆ ತಕ್ಕಂತೆ ಬೇರೆಬೇರೆ ಚುಕ್ಕಿಲಿಪಿಗಳನ್ನು ಕಟ್ಟಿಕೊಂಡಿದ್ದರು. ಒಂದೂರಿನಲ್ಲಿ ಕಕಾರವಾದುದು ಇನ್ನೊಂದೂರಿನಲ್ಲಿ ಬೇರೇನೋ ಆಗುತ್ತಿತ್ತು. ಸ್ವಾತಂತ್ರ್ಯಾನಂತರ ಯುನೆಸ್ಕೋ ಸಂಸ್ಥೆಯ ನೆರವಿನಿಂದ ನಡೆದ ಸಮಾಲೋಚನೆಗಳ ಫಲವಾಗಿ 1951ರಲ್ಲಿ ‘ಭಾರತಿ ಬ್ರೈಲ್’ ಎಂಬ ಒಂದೇ ವ್ಯವಸ್ಥೆ ರೂಪುಗೊಂಡಿತು. ದೇಶದ ಭಾಷೆಗಳಿಗೆಲ್ಲ ಸಾಮಾನ್ಯವಾದ ವರ್ಣಮಾಲೆಯ ಚೌಕಟ್ಟನ್ನು ಆಧಾರವಾಗಿಟ್ಟುಕೊಂಡು, ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲಿಯೂ ಒಂದೇ ಗುರುತು ಎಂಬ ತತ್ವವನ್ನು ಅದು ಎತ್ತಿ ಹಿಡಿಯಿತು. ರಾಷ್ಟ್ರಕ್ಕೆಲ್ಲ ಒಂದೇ ಲಿಪಿ ಬೇಕೆಂದು ಎಷ್ಟೋ ಮಹನೀಯರು ವಾದಿಸಿ ಕೈಚೆಲ್ಲಿದ್ದರು. ಆ ಐಕ್ಯ ಸದ್ದುಗದ್ದಲವಿಲ್ಲದೆ ಕೈಗೂಡಿದುದು ಅಂಧರಲ್ಲಿ ಮಾತ್ರ ಎಂಬುದು ವಿಚಿತ್ರವಾದರೂ ನಿಜ.

ಈ ಲಿಪಿಯಲ್ಲಿ ಕನ್ನಡವನ್ನು ಬರೆಯುವ ಕ್ರಮ ಭಾಷಾಸಕ್ತರಿಗೆ ಸ್ವಾರಸ್ಯಕರವಾಗಿದೆ. ಎಡಸಾಲಿನ ಚುಕ್ಕಿಗಳನ್ನು ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದೂ ಬಲಸಾಲಿನವನ್ನು ನಾಲ್ಕು, ಐದು, ಆರು ಎಂದೂ ಎಣಿಸುವುದು ರೂಢಿ. ಒಂದು ಮತ್ತು ಮೂರನೆಯ ಚುಕ್ಕಿ ಎದ್ದರೆ ‘ಕ’. ಇಂಗ್ಲಿಷಿನ ‘ಕೆ’ ಅಕ್ಷರವೂ ಅದೇ. ನಾಲ್ಕು ಮತ್ತು ಆರು ಎದ್ದರೆ ‘ಖ’. ಎಂದರೆ ಕಕಾರವನ್ನು ಕನ್ನಡಿಯಲ್ಲಿ ಹಿಡಿದಂತೆ. ಒಂದು, ಎರಡು ‘ಬ’ವಾದರೆ ನಾಲ್ಕು, ಐದು ‘ಭ’. ಇಲ್ಲಿಯೂ ಮಹಾಪ್ರಾಣವು ಅಲ್ಪಪ್ರಾಣದ ಪ್ರತಿಬಿಂಬವೇ. ಎಲ್ಲ ವರ್ಗಗಳಲ್ಲಿಯೂ ಈ ಸಾಮ್ಯ ನಡೆದುಬಂದಿಲ್ಲ; ಅರುವತ್ತಮೂರು ಗುರುತುಗಳಲ್ಲಿ ಅಷ್ಟು ಐಶ್ವರ್ಯ ಎಲ್ಲಿಯದು? ಕಾಗುಣಿತದ ಕೊಂಬು, ಗುಡಿಸು, ಏತ್ವ, ಓತ್ವಗಳು ಈ ಲಿಪಿಯಲ್ಲಿ ಇಲ್ಲ. ವ್ಯಂಜನದ ಮುಂದೆ ಸ್ವರವೇ ತನ್ನ ಪೂರ್ಣರೂಪದಲ್ಲಿ ನಿಲ್ಲುತ್ತದೆ. ‘ಕಿ’ ಎಂದರೆ ಕಕಾರ, ಅದರ ಪಕ್ಕದಲ್ಲಿ ಇಕಾರ. ಒತ್ತಕ್ಷರವೂ ಇಲ್ಲ. ಸ್ವರವಿಲ್ಲದ ವ್ಯಂಜನದ ಹಿಂದೆ ನಾಲ್ಕನೆಯ ಚುಕ್ಕಿಯೊಂದನ್ನಿಟ್ಟು, ಮುಂದಿನ ವ್ಯಂಜನವನ್ನು ಅದೇ ಸಾಲಿನಲ್ಲಿ ಬರೆಯುತ್ತಾರೆ. ಹೀಗೆ ‘ಕನ್ನಡ’ ಎಂಬ ಪದಕ್ಕೆ ಐದು ಮನೆಗಳು ಸಾಕು: ಕ, ಹಲಂತದ ಚುಕ್ಕಿ, ನ, ನ, ಡ. ಕಣ್ಣಿಗೆ ಕಾಣುವ ಕನ್ನಡಲಿಪಿ ಅಕ್ಷರದ ಮೇಲೆ, ಕೆಳಗೆ, ಪಕ್ಕದಲ್ಲಿ ಹಬ್ಬುವ ಬಳ್ಳಿಯಾದರೆ ಬೆರಳಿಗೆ ತಗಲುವ ಕನ್ನಡ ಒಂದೇ ಎಳೆಯ ದಾರ. ನಾಲಗೆ ನುಡಿಯುವ ಕ್ರಮವೇ ಅದರ ಕ್ರಮ.

ಹೊರನಾಡ ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಒಂದು ಅರ್ಥವಿದೆ. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಬೆಳೆಯುವ ಕನ್ನಡದ ಮಗು ಮರಾಠಿಯನ್ನೋ ಹಿಂದಿಯನ್ನೋ ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡವನ್ನಾಡುತ್ತ, ಕನ್ನಡಲಿಪಿಯನ್ನು ಮಾತ್ರ ಕಲಿಯದೆ ಉಳಿಯುವುದು ಮನೆಮನೆಯ ಕಥೆ. ಮಾತು ಬಲ್ಲ, ಓದು ಅರಿಯದ ಈ ತಲೆಮಾರಿಗಾಗಿ ಸಂಘಗಳು ಭಾನುವಾರದ ತರಗತಿಗಳನ್ನು ನಡೆಸುತ್ತ ಬಂದಿವೆ. ಅದೇ ಮನೆಯ ಅಂಧ ಮಗುವಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಮರಾಠಿಯ ಬ್ರೈಲನ್ನು ಬಲ್ಲ ಮಗುವಿಗೆ ಕನ್ನಡದ ಅಕ್ಷರಗಳು ಬಹುಪಾಲು ಆಗಲೇ ಬಂದಿವೆ. ಕಕಾರ ಅದೇ ಕಕಾರ, ಳಕಾರ ಅದೇ ಳಕಾರ. ಮರಾಠಿಗೆ ಬೇಡವಾದ ಹ್ರಸ್ವ ಎಕಾರ, ಒಕಾರಗಳಂಥವನ್ನು ಕಲಿತರೆ ಕನ್ನಡದ ಪುಟ ಅದರ ಬೆರಳಿಗೆ ದಕ್ಕುತ್ತದೆ. ಕಣ್ಣುಳ್ಳ ಅಣ್ಣನಿಗೆ ವರ್ಷ ಹಿಡಿಯುವ ಕೆಲಸ ಕಣ್ಣಿಲ್ಲದ ತಂಗಿಗೆ ಕೆಲವು ದಿನಗಳ ಅಭ್ಯಾಸ. ಇಂಥ ಮಗುವಿಗೆ ಕೊರತೆಯಾಗಿರುವುದು ಲಿಪಿಯಲ್ಲ, ಪುಸ್ತಕ.

ಪುಸ್ತಕದ ಕೊರತೆಗೆ ಕಾರಣಗಳುಂಟು. ಬ್ರೈಲ್ ಅಕ್ಷರವನ್ನು ಕುಗ್ಗಿಸಲಾಗದು, ಬೆರಳು ಕುಗ್ಗುವುದಿಲ್ಲವಷ್ಟೆ. ಜೇಬಿನಲ್ಲಿ ಹಿಡಿಯುವ ಕಾದಂಬರಿ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ದಪ್ಪ ಕಾಗದ, ಪ್ರತ್ಯೇಕ ಮುದ್ರಣಯಂತ್ರ, ಕೆಲವೇ ಪ್ರತಿಗಳ ಬೇಡಿಕೆ, ಇವೆಲ್ಲ ಸೇರಿ ವೆಚ್ಚವನ್ನು ಏರಿಸುತ್ತವೆ. 1951ರಲ್ಲಿ ಹೊರಬಂದ ಆರು ಕೀಲಿಗಳ ಪರ್ಕಿನ್ಸ್ ಯಂತ್ರ ಕೈಬರೆಹವನ್ನು ಸುಲಭಗೊಳಿಸಿದರೂ ಗ್ರಂಥಪ್ರಕಟನೆಯ ಭಾರವನ್ನು ಇಳಿಸಲಿಲ್ಲ. ಹೀಗಿರುವಲ್ಲಿ ಶ್ರಾವಣರೂಪವೇ ಗತಿಯೆಂದು ತೋರಿದುದು ಸಹಜ. 1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಅಚ್ಚಾದ ಪುಟವನ್ನು ನೋಡಿ ಗಟ್ಟಿಯಾಗಿ ಓದುವ ಯಂತ್ರವನ್ನು ಲೋಕಕ್ಕೆ ತೋರಿಸಿದನು. ಗಣಕಯಂತ್ರಗಳು ಮನೆಮನೆಗೆ ಬಂದ ಮೇಲೆ ತೆರೆಯ ಮೇಲಿನ ಬರೆಹವನ್ನು ನುಡಿದು ಹೇಳುವ ತಂತ್ರಾಂಶಗಳು ಹುಟ್ಟಿದವು. ಸ್ಕ್ರೀನ್ ರೀಡರ್ ಎಂಬುದು ಅವುಗಳ ರೂಢಿಯ ಹೆಸರು. ಮೊದಮೊದಲು ಇವುಗಳ ಬೆಲೆ ಬಡವರ ಮಕ್ಕಳಿಗೆ ಎಟುಕದಷ್ಟಿತ್ತು. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ಯಾರಿಗೂ ಬೆಲೆಯಿಲ್ಲದೆ ದೊರೆಯುವಂಥದು. ಅದರೊಡನೆ ಬರುವ ಇ-ಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ನುಡಿಯುತ್ತದೆ. ಆ ನುಡಿ ತಗಡನ್ನು ಬಡಿದಂತಿದೆಯೆಂದು ಹೊಸಬರು ಹುಬ್ಬುಗಂಟಿಕ್ಕಬಹುದು. ರೂಢಿಯಾದ ಮಕ್ಕಳು ಅದನ್ನು ಇತರರಿಗೆ ಅರ್ಥವಾಗದಷ್ಟು ವೇಗವಾಗಿ ಓಡಿಸಿ ಕೇಳುತ್ತಾರೆ.

ಕಿವಿಯಿಂದ ಕಲಿಯುವುದು ಕೀಳೆಂದು ಕನ್ನಡಿಗರು ಹೇಳಲಾರರು. ಓದಿ ಅಭ್ಯಾಸ ಮಾಡದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಈ ನಾಡಿನ ಜನರನ್ನು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಹೊಗಳಿದೆ. ಅಕ್ಷರವರಿಯದ ಒಕ್ಕಲುಮಗನು ಗಮಕಿಯ ಬಾಯಿಂದ ಕೇಳಿ ಕುಮಾರವ್ಯಾಸನನ್ನು ಕಂಠಸ್ಥಗೊಳಿಸಿಕೊಂಡ ನಾಡಿದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ತಾವೇ ಅಂಧರಾಗಿದ್ದು, ಎಷ್ಟೋ ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದು ಬದುಕು ಕೊಟ್ಟರು. ಆದರೆ ಸಂಗೀತಕ್ಕೆ ಕಿವಿಯೇ ಮನೆ. ಬರೆಹಕ್ಕೆ ಕಿವಿ ಬರಿಯ ದಾರಿ. ಕೇಳಿಯಷ್ಟೇ ಕಲಿತ ಮಗುವಿಗೆ ಶಕಾರ ಷಕಾರಗಳ ಭೇದ ತಿಳಿಯುವ ಬಗೆ ಯಾವುದು? ಮಾತಿನಲ್ಲಿ ಮಹಾಪ್ರಾಣಗಳನ್ನು ಜಾರಿಸುವುದು ಕನ್ನಡನಾಡಿನ ಬಹುಭಾಗದ ರೂಢಿ. ‘ಬಾಶೆ’ ಎಂದು ಕೇಳಿದ ಮಗು ‘ಭಾಷೆ’ ಎಂದು ಬರೆಯಬೇಕಾದರೆ ಆ ಅಕ್ಷರಗಳನ್ನು ಎಂದಾದರೂ ಮುಟ್ಟಿರಬೇಕು. ಪದವೆಲ್ಲಿ ಮುಗಿಯಿತು, ವಾಕ್ಯವೆಲ್ಲಿ ತಿರುಗಿತು, ಸಂಧಿ ಎಲ್ಲಿ ಕೂಡಿತು ಎಂಬುದನ್ನು ಓಡುವ ಧ್ವನಿ ನಿಂತು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡಲು ಬೇರೊಬ್ಬ ಲಿಪಿಕಾರನನ್ನು ಒದಗಿಸುವ ಪದ್ಧತಿಯುಂಟು. ಅದು ಅನುಕೂಲವೇ ಸರಿ; ಆದರೆ ಅದರ ನೆರಳಿನಲ್ಲಿ ಒಂದು ಅಕ್ಷರವನ್ನೂ ತಾನಾಗಿ ಬರೆಯದೆ ಮಗು ತರಗತಿಯಿಂದ ತರಗತಿಗೆ ಏರಿಹೋಗುವುದೂ ಸಾಧ್ಯ. ಅಂಥವನನ್ನು ವಿದ್ಯಾವಂತನೆನ್ನಬಹುದು, ಸಾಕ್ಷರನೆನ್ನುವುದು ಕಷ್ಟ.

ಹಾಗಾದರೆ ಶ್ರಾವಣವೋ ಸ್ಪರ್ಶವೋ ಎಂದು ಆರಿಸಿಕೊಳ್ಳಬೇಕೆ? ಇಂದಿನ ಯಂತ್ರದ ನಿಜವಾದ ಹಿರಿಮೆ ಇರುವುದು ಈ ಆಯ್ಕೆಯನ್ನು ಅನಾವಶ್ಯಕಗೊಳಿಸಿರುವುದರಲ್ಲಿ. ಪಾಠವು ಒಮ್ಮೆ ಅಕ್ಷರರೂಪದಲ್ಲಿ ಗಣಕಕ್ಕೆ ಸೇರಿತೆಂದರೆ ಅದನ್ನು ತೆರೆಯ ಮೇಲೆ ದೊಡ್ಡದಾಗಿ ತೋರಿಸಿ ಮಂದದೃಷ್ಟಿಯವನಿಗೆ ಓದಿಸಬಹುದು, ಧ್ವನಿಯಾಗಿ ನುಡಿಸಬಹುದು, ಚುಕ್ಕಿಗಳಾಗಿ ಒತ್ತಿಸಬಹುದು. ಸಣ್ಣ ಮೊಳೆಗಳು ಮೇಲೇಳುತ್ತ ಕೆಳಗಿಳಿಯುತ್ತ ಸಾಲುಸಾಲಾಗಿ ಬ್ರೈಲನ್ನು ಮೂಡಿಸುವ ಫಲಕಗಳು ಬಂದಿರುವುದರಿಂದ ದಪ್ಪ ಸಂಪುಟಗಳ ಹೊರೆಯೂ ಅನಿವಾರ್ಯವಲ್ಲ. ಹಿಂದೆ ಅತಿದುಬಾರಿಯಾಗಿದ್ದ ಇವು ಇಪ್ಪತ್ತು ಮನೆಗಳ ಆರ್ಬಿಟ್ ರೀಡರಿನಂಥವುಗಳಿಂದ ಸ್ವಲ್ಪ ಅಗ್ಗವಾಗಿವೆ. ಅಕ್ಷರವನ್ನು ಚುಕ್ಕಿಗೆ ಪರಿವರ್ತಿಸುವ ಮುಕ್ತ ತಂತ್ರಾಂಶವೊಂದು ಲಿಬ್‌ಲೂಯಿ ಎಂಬ ಹೆಸರಿನಲ್ಲಿ ಲೂಯಿ ಬ್ರೈಲನ ನೆನಪನ್ನು ಹೊತ್ತಿದೆ. ಅದರಲ್ಲಿ ಕನ್ನಡಕ್ಕೂ ಕೋಷ್ಟಕವುಂಟು. ಮೂರು ರೂಪಗಳಿಗೂ ಮೂಲ ಒಂದೇ. ಎಲ್ಲವೂ ಆ ಮೂಲಪಾಠದ ಮೇಲೆ ನಿಂತಿವೆ.

ಕನ್ನಡದ ತೊಡಕು ಇರುವುದು ಸರಿಯಾಗಿ ಇಲ್ಲಿಯೇ. ಬ್ಯಾಂಕಿನ ಚೆಕ್ಕೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಕೆಳಗಂಚಿನಲ್ಲಿ ಕಾಂತಶಾಯಿಯಿಂದ ಅಚ್ಚಾದ ಅಂಕಿಗಳಿವೆ. ಮೇಲೆ ಖಾತೆದಾರನ ರುಜುವಿದೆ. ಕಣ್ಣಿಗೆ ಎರಡೂ ಬರೆಹವೇ. ಯಂತ್ರಕ್ಕೆ ಅಂಕಿ ಅಂಕಿಯಾಗಿ ತಿಳಿಯುತ್ತದೆ, ರುಜು ಒಂದು ಚಿತ್ರವಾಗಿ ಉಳಿಯುತ್ತದೆ. ಕನ್ನಡದಲ್ಲಿ ಗಣಕದಿಂದ ಅಚ್ಚಾಗಿರುವ ಪುಸ್ತಕಗಳಲ್ಲಿ ಬಹಳಷ್ಟು ಈ ರುಜುವಿನ ಜಾತಿಗೆ ಸೇರಿದವು. 1990ರ ದಶಕದಿಂದ ಮುದ್ರಣಾಲಯಗಳಲ್ಲಿ ಬಳಕೆಗೆ ಬಂದ ಅಕ್ಷರವಿನ್ಯಾಸಗಳು ಕನ್ನಡದ ಆಕೃತಿಗಳನ್ನು ಇಂಗ್ಲಿಷು ಮತ್ತಿತರ ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದ್ದವು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದು ಮಾಡಿದ ಉಪಕಾರ ಸಣ್ಣದಲ್ಲ. ಅಂದಿನ ಗಣಕಗಳಲ್ಲಿ ಬೇರೆ ದಾರಿಯೂ ಇರಲಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಬರೆದ ‘ಕನ್ನಡ’ ಎಂಬ ಪದದ ಒಳಗೆ ಏನಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೀಟುಳ್ಳ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ಸಕಾರ, ಇಂಗ್ಲಿಷಿನ ‘ಕ್ಯೂ’, ಮತ್ತೊಮ್ಮೆ ‘ಎ’. ಹೀಗೆ ಏಳು ಗುರುತುಗಳು. ಕನ್ನಡದ ಅಚ್ಚನ್ನು ಮೇಲೆ ಹೊದಿಸಿದಾಗ ಕಣ್ಣಿಗೆ ಅದು ‘ಕನ್ನಡ’. ನುಡಿಯುವ ಯಂತ್ರಕ್ಕೆ ಅದು ಪೌಂಡೂ ಕ್ಯೂವೂ ಬೆರೆತ ಅಪಲಾಪ. ಪಾಠವನ್ನು ಕೇಳಲು ಕುಳಿತ ಮಗುವಿನ ಕಿವಿಗೆ ಬೀಳುವುದು ಆ ಅಪಲಾಪವೇ.

ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ತನ್ನದೇ ಆದ ಸ್ಥಾನವಿದೆ. ಅದರಲ್ಲಿ ‘ಕನ್ನಡ’ ಎಂಬುದು ಐದು ಸಂಕೇತಗಳು: ಕ, ನ, ಹಲಂತ, ನ, ಡ. ಬ್ರೈಲಿನಲ್ಲಿಯೂ ಐದೇ ಮನೆಗಳೆಂಬುದನ್ನು ವಾಚಕರು ಮರೆತಿರಲಾರರು. ಹಲಂತವು ಅಲ್ಲಿ ನಕಾರದ ಹಿಂದೆ, ಇಲ್ಲಿ ಮುಂದೆ, ಅಷ್ಟೇ ಅಂತರ. ಇದು ಕಾಕತಾಳೀಯವಲ್ಲ. ಎರಡೂ ನಾಲಗೆಯ ಕ್ರಮವನ್ನು ಅನುಸರಿಸುತ್ತವೆ, ಹಳೆಯ ಅಚ್ಚಿನ ವ್ಯವಸ್ಥೆ ಕಣ್ಣಿನ ಕ್ರಮವನ್ನು ಅನುಸರಿಸುತ್ತದೆ. ‘ಸೂರ್ಯ’ ಎಂಬ ಪದದಲ್ಲಿ ರೇಫವನ್ನು ಯಕಾರಕ್ಕಿಂತ ಮೊದಲು ಉಚ್ಚರಿಸುತ್ತಾರೆ, ಅರ್ಕಾವೊತ್ತನ್ನು ಯಕಾರದ ನಂತರ ಬರೆಯುತ್ತಾರೆ. ಯೂನಿಕೋಡಿಗೂ ಬ್ರೈಲಿಗೂ ರೇಫವೇ ಮೊದಲು. ಹಳೆಯ ವ್ಯವಸ್ಥೆಗೆ ಅದು ಕೊನೆಗೆ ಅಂಟಿಸುವ ಒಂದು ಕೊಕ್ಕೆ. ಕಣ್ಣಿಗೆ ಸರಿಯಾಗಿ ಕಂಡರೆ ಸಾಕು, ಒಳಗೆ ಏನಿದ್ದರೇನು ಎಂಬ ನಿಲುವು ಆಯುಯಿಯ ಉಬ್ಬಕ್ಷರಗಳ ನಿಲುವೇ. ಯೂನಿಕೋಡ್ ಬಂದು ದಶಕಗಳು ಕಳೆದರೂ ಮುದ್ರಣಾಲಯಗಳು ಹಳೆಯ ಅಚ್ಚುಗಳನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಪುಟವಿನ್ಯಾಸ ಕೆಡುತ್ತದೆ, ಅಕ್ಷರದ ಅಂದ ಹೋಗುತ್ತದೆ ಎಂಬ ಸಬೂಬುಗಳು ಒಂದು ಕಾಲಕ್ಕೆ ನಿಜವಾಗಿದ್ದವು. ಈಗ ಅವು ಸೋಮಾರಿತನದ ಮರ್ಯಾದೆಯ ಹೆಸರುಗಳು.

ಹಳೆಯ ಅಚ್ಚಿನ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಇವೆ. ಅದು ಕೊಂಚ ಸುಲಭ. ಕಷ್ಟವಿರುವುದು ಪುಟಗಳ ಚಿತ್ರವನ್ನಷ್ಟೇ ತೆಗೆದು ‘ಗಣಕೀಕರಿಸಿದ’ ಗ್ರಂಥಗಳಲ್ಲಿ. ಇವು ಭಾವಚಿತ್ರದಂತೆ ಮೂಕ. ಚಿತ್ರದಿಂದ ಅಕ್ಷರವನ್ನು ಗುರುತಿಸಿ ತೆಗೆಯುವ ತಂತ್ರ ಕನ್ನಡಕ್ಕೆ ತಡವಾಗಿ ಒದಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿಜ್ಞಾನಿ’ ಇಂಥದೊಂದು. ಟೆಸರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶವೂ ಕನ್ನಡವನ್ನು ಓದಬಲ್ಲದು. ಚೊಕ್ಕಟವಾದ ಅಚ್ಚಿನಲ್ಲಿ ಇವುಗಳ ಕೆಲಸ ಮೆಚ್ಚತಕ್ಕದ್ದು. ಮೊಳೆ ಸವೆದ, ಶಾಯಿ ಹರಡಿದ ಹಳೆಯ ಪುಟ ಬಂದರೆ ಯಂತ್ರ ಎಡವುತ್ತದೆ: ಪಕಾರ ಷಕಾರವಾಗುತ್ತದೆ, ಮಹಾಪ್ರಾಣದ ಸೀಳು ಮಾಯವಾಗುತ್ತದೆ, ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಸೇರುತ್ತದೆ. ಪ್ರಾಣಿ ಷ್ರಾಣಿಯಾದರೆ ಕಣ್ಣುಳ್ಳವನು ನಕ್ಕು ಮುಂದೆ ಓದುತ್ತಾನೆ. ಪಾಠವನ್ನು ಮೊದಲ ಸಲ ಮುಟ್ಟುವ ಮಗು ಅದನ್ನೇ ಪದವೆಂದು ಕಲಿಯುತ್ತದೆ. ಆದುದರಿಂದ ಭಾಷೆಯನ್ನು ಬಲ್ಲ ಮನುಷ್ಯನೊಬ್ಬನು ಕುಳಿತು ಕರಡು ತಿದ್ದದ ಹೊರತು ಇಂಥ ಪಾಠ ಶಾಲೆಗೆ ಯೋಗ್ಯವಲ್ಲ.

ಪಾಠ ಸಿದ್ಧವಾಯಿತೆನ್ನೋಣ, ತರಗತಿಯಲ್ಲಿ ಅಧ್ಯಾಪಕನ ನಾಲಗೆ ಇನ್ನೊಂದು ಅಡ್ಡಿ. “ಇದನ್ನು ಇದರಿಂದ ಕಳೆದರೆ ಇದು ಬರುತ್ತದೆ” ಎಂದು ಕರಿಹಲಗೆಯ ಕಡೆ ಕೈತೋರುವ ಗಣಿತದ ಪಾಠ ಕಾಣದವನಿಗೆ ಸರ್ವನಾಮಗಳ ಸಾಲು ಮಾತ್ರ. ಕರಿಹಲಗೆಯ ಕಾಲದಲ್ಲಿ ಬರೆಯುತ್ತ ಬರೆಯುತ್ತ ಬಾಯಿಬಿಟ್ಟು ಹೇಳುವ ಅಭ್ಯಾಸವಾದರೂ ಇತ್ತು. ಬಣ್ಣದ ತೆರೆ ಬಂದ ಮೇಲೆ ಚಿತ್ರವೇ ಎಲ್ಲವನ್ನೂ ಹೇಳುತ್ತದೆಂಬ ಭ್ರಮೆಯಿಂದ ಅಧ್ಯಾಪಕರು ಮೌನವಾಗುವುದುಂಟು. ಹೃದಯದಲ್ಲಿ ರಕ್ತ ಹರಿಯುವ ಚಲಚ್ಚಿತ್ರ ಹಿನ್ನೆಲೆಯ ವಾದ್ಯದೊಡನೆ ಓಡುತ್ತದೆ. ಅಂಧ ವಿದ್ಯಾರ್ಥಿಗೆ ಸಿಕ್ಕಿದುದು ವಾದ್ಯ. ‘ಎಡಗಡೆಯ ಕೆಳಕೋಣೆಯಿಂದ ರಕ್ತ ಮಹಾಧಮನಿಗೆ ಹೋಗುತ್ತಿದೆ’ ಎಂಬ ಒಂದು ವಾಕ್ಯ ಆ ತೆರೆಗಿಂತ ಅಗ್ಗ, ಅದಕ್ಕಿಂತ ಉಪಯುಕ್ತ. ರೇಖಾಗಣಿತಕ್ಕೆ ಉಬ್ಬುಚಿತ್ರಗಳೇ ಬೇಕು. ಮಾತು ಅಲ್ಲಿ ಬಡವ.

ಬೇರೆ ಬಗೆಯ ಮಕ್ಕಳ ಮಾತನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಕಣ್ಣು ಚೆನ್ನಾಗಿದ್ದು, ಬುದ್ಧಿಯೂ ಚುರುಕಾಗಿದ್ದು, ಅಕ್ಷರಗಳನ್ನು ಕೂಡಿಸಿ ಓದುವುದರಲ್ಲಿ ಮಾತ್ರ ತೊಡಕನ್ನನುಭವಿಸುವ ಮಕ್ಕಳಿದ್ದಾರೆ. ಇಂಥ ಕಲಿಕೆಯ ತೊಡಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ತಾನು ಪಟ್ಟಿಮಾಡಿದ ಇಪ್ಪತ್ತೊಂದು ವೈಕಲ್ಯಗಳಲ್ಲಿ ಸೇರಿಸಿದೆ. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರಗಳನ್ನು ಕಲಿತು ಕಾಗುಣಿತದ ಅರಾಜಕತೆಯಲ್ಲಿ ಎಡವಿದರೆ, ಕನ್ನಡದ ಮಗುವಿನ ಮುಂದೆ ನಾನೂರಕ್ಕೂ ಮಿಕ್ಕಿದ ಅಕ್ಷರರೂಪಗಳ ದೊಡ್ಡ ಕೋಶವೇ ಇದೆ. ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಮಕ್ಕಳಿಗೆ ಈ ಕೋಶ ವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆಂದು ತೋರಿಸಿದೆ. ಆದುದರಿಂದ ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪಿದವನೆಲ್ಲ ದಡ್ಡನಲ್ಲ. ಪದವನ್ನು ನುಡಿಯುತ್ತ ಅದೇ ಕ್ಷಣದಲ್ಲಿ ತೆರೆಯ ಮೇಲೆ ಆ ಪದವನ್ನು ಬಣ್ಣದಿಂದ ಎತ್ತಿ ತೋರಿಸುವ ಡೈಸಿ ಎಂಬ ಪದ್ಧತಿ ಅಂಧರಿಗಾಗಿ ಆರಂಭವಾದುದು. ಈಗ ಇಂಥ ಮಕ್ಕಳಿಗೂ ಅದು ಊರುಗೋಲಾಗಿದೆ. ಅದಕ್ಕೆ ಬೇಕಾದುದೂ ಪೌಂಡು ಕ್ಯೂಗಳಿಲ್ಲದ ಅಕ್ಷರಪಾಠವೇ. ಕಿವುಡ ಮಕ್ಕಳ ಸಮಸ್ಯೆ ಇದಕ್ಕಿಂತ ಆಳವಾದುದು. ಸಂಜ್ಞಾಭಾಷೆಯನ್ನು ತಾಯ್ನುಡಿಯಂತೆ ಬೆಳೆಸಿಕೊಂಡ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ತೆರೆಯ ಅಡಿಯಲ್ಲಿ ಕನ್ನಡದ ಸಾಲುಗಳನ್ನು ಓಡಿಸಿದ ಮಾತ್ರಕ್ಕೆ ಅದಕ್ಕೆ ಪಾಠ ತಲಪಿತೆಂದು ಹೇಳಲಾಗದು. ಆ ವಿಷಯ ಪ್ರತ್ಯೇಕ ಲೇಖನವನ್ನು ಬೇಡುತ್ತದೆ.

ಕಾನೂನಿನ ಅಡ್ಡಿ ಮಾತ್ರ ಈಗ ಉಳಿದಿಲ್ಲ. ಹಿಂದೆ ಗ್ರಂಥಸ್ವಾಮ್ಯದ ಅನುಮತಿಗಾಗಿ ಅಲೆಯಬೇಕಾಗಿತ್ತು. 2012ರ ತಿದ್ದುಪಡಿಯು, ಅಚ್ಚನ್ನು ಓದಲಾರದವರಿಗಾಗಿ ಲಾಭದ ಉದ್ದೇಶವಿಲ್ಲದೆ ಕೃತಿಗಳನ್ನು ಅವರಿಗೆ ಒಗ್ಗುವ ರೂಪಕ್ಕೆ ತರುವುದನ್ನು ಹಕ್ಕುಚ್ಯುತಿಯಲ್ಲವೆಂದು ಸಾರಿದೆ. ಇಂಥ ಪುಸ್ತಕಗಳು ದೇಶದಿಂದ ದೇಶಕ್ಕೆ ಹೋಗಲು ಅನುವು ಮಾಡುವ ಮರಾಕೇಶ್ ಒಪ್ಪಂದ 2013ರಲ್ಲಿ ಆಯಿತು. 2014ರಲ್ಲಿ ಅದನ್ನು ಮೊತ್ತಮೊದಲು ಸ್ಥಿರೀಕರಿಸಿದ ರಾಷ್ಟ್ರ ಭಾರತ. 2016ರಲ್ಲಿ ಅದು ಜಾರಿಗೆ ಬಂದಿತು. ಅದೇ ವರ್ಷ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲದ ಗ್ರಂಥಭಂಡಾರವೂ ತೆರೆಯಿತು. ಲಂಡನ್ನಿನಲ್ಲಿರುವ ಅಂಧ ಕನ್ನ��ಿಗನಿಗೆ ಧಾರವಾಡದಲ್ಲಿ ಸಿದ್ಧವಾದ ಪುಸ್ತಕವನ್ನು ಕಳುಹಿಸುವುದಕ್ಕೆ ಇಂದು ದಾರಿಯುಂಟು.

ದಾರಿಯ ಮೇಲೆ ಸಾಗಬೇಕಾದ ಸರಕಿನ ಪ್ರಶ್ನೆ ಬಂದಾಗ ಹೊರನಾಡ ಸಂಘಗಳ ಹೆಸರೂ ಬರುತ್ತದೆ. ಸ್ಮರಣಸಂಚಿಕೆ, ತ್ರೈಮಾಸಿಕ, ಉಪನ್ಯಾಸಮಾಲೆ ಎಂದು ಅವು ದಶಕಗಳಿಂದ ಅಚ್ಚುಹಾಕಿಸಿದ ಬರೆಹದ ಗಾತ್ರ ಅಲ್ಪವಲ್ಲ. ಅದರಲ್ಲಿ ಮೊಳೆಯಚ್ಚಿನ ಕಾಲದ್ದು ಕಪಾಟಿನಲ್ಲಿದೆ. ಗಣಕದ ಕಾಲದ್ದು ಮುದ್ರಣಾಲಯದ ಯಾವುದೋ ತಟ್ಟೆಯಲ್ಲಿ ಹಳೆಯ ಅಚ್ಚಿನ ಕಡತವಾಗಿ ಬಿದ್ದಿದೆ, ಅಥವಾ ಅಳಿಸಿಹೋಗಿದೆ. ಅಚ್ಚಿಗೆ ಕೊಡುವಾಗಲೇ ಯೂನಿಕೋಡಿನ ಒಂದು ಪ್ರತಿಯನ್ನು ಸಂಘದ ದಫ್ತರದಲ್ಲಿ ಇರಿಸಿಕೊಳ್ಳುವುದಕ್ಕೆ ಒಂದು ಪೈಯ ವೆಚ್ಚವೂ ಇಲ್ಲ. ಹಳೆಯದನ್ನು ಚಿತ್ರದಿಂದ ಅಕ್ಷರಕ್ಕೆ ತಂದು ತಿದ್ದುವುದಕ್ಕೆ ಬೇಕಾದವರು ಹಣವಂತರಲ್ಲ, ಕನ್ನಡವನ್ನು ಬಲ್ಲ ನಿವೃತ್ತರು. ಅವರು ಎಲ್ಲ ಸಂಘಗಳ ವಾಚನಾಲಯಗಳಲ್ಲಿಯೂ ಸಂಜೆಯ ಹೊತ್ತು ಸಿಗುತ್ತಾರೆ. ಒಬ್ಬರು ಪುಟವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತೆರೆಯ ಮೇಲಿನ ಪಾಠವನ್ನು ನೋಡಿ ತಿದ್ದುವುದು. ಮುದ್ರಣಾಲಯಗಳಲ್ಲಿ ಹಿಂದೆ ಕರಡನ್ನು ನೋಡುತ್ತಿದ್ದ ಕ್ರಮವೇ ಇದು. ಶಕಾರ ಷಕಾರಗಳ ಮೇಲೆ, ಮಹಾಪ್ರಾಣಗಳ ಮೇಲೆ, ಅರ್ಕಾವೊತ್ತಿನ ಮೇಲೆ ವಿಶೇಷ ಗಮನವಿರಬೇಕು. ಹೀಗೆ ತಿದ್ದಿದ ಪುಟ ಆ ರಾತ್ರಿಯೇ ಚುಕ್ಕಿಯಾಗಬಲ್ಲದು.